ತಲೆಗೆ ಹದಿನಾರು ನಿಮಿಷ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗೆ ಸೇರುವಷ್ಟು ಹುಡುಗರು ಬ್ಯಾಸ್ಕೆಟ್‌ಬಾಲ್‌ಗೆ ಸೇರುವುದಿಲ್ಲ. ಸೇರಿದವರಾದರೂ ಪೂರ್ತಿ ಆಡುತ್ತಾರಾ? ಪಂದ್ಯ 40 ನಿಮಿಷ, ಅಂಕಣದಲ್ಲಿ 5 ಜನ: ಒಟ್ಟು 200 ನಿಮಿಷದ ಆಟ. ತಂಡದ 12 ಜನಕ್ಕೂ ಹಂಚಿದರೆ ತಲೆಗೆ 16 ನಿಮಿಷ ಬಂದು ಇನ್ನೂ ಉಳಿಯುತ್ತದೆ. ಗೆಲ್ಲುವ ಆತುರದಲ್ಲಿ ಏಳೆಂಟು ಮಂದಿಗೇ ಅದು ಮುಗಿದುಹೋಗುತ್ತದೆ. ಕೊನೆಯ ಎರಡು ನಿಮಿಷಕ್ಕೆ ಇಳಿದವನಿಗೆ, ಒಂದು ಪಾಸ್ ತಪ್ಪಿದರೂ ಸರ್ ಹೊರಗೆ ಕರೀತಾರೆಂಬ ಅಂಜಿಕೆ. ಚೆಂಡು ಬಂದ ಕೂಡಲೇ ಇನ್ನೊಬ್ಬನಿಗೆ ದಾಟಿಸಿಬಿಡುತ್ತಾನೆ, ಬುಟ್ಟಿಯತ್ತ ನೋಡುವುದೇ ಇಲ್ಲ. 2015ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಸತ್ನಾಮ್ ಸಿಂಗ್‌ಗೂ ಆ ಲೀಗ್‌ನಲ್ಲಿ ಒಂದು ಪಂದ್ಯವೂ ದಕ್ಕಲಿಲ್ಲ. ಅದು ದುಡ್ಡಿನ ಆಟ, ಬಿಡಿ. ಆದರೆ ಹದಿನಾಲ್ಕರ ಹುಡುಗನನ್ನು ವರ್ಷವಿಡೀ ಬೆಂಚಿನ ಮೇಲೆ ಕೂಡಿಸಿ, ‘ಇವನಿಗೆ ಧೈರ್ಯ ಸಾಲದು’ ಅನ್ನುವುದು ಯಾವ ನ್ಯಾಯ?