ಉಪದೇಶಿ ತಾತನ ಬಗಲುಚೀಲ

ನಮ್ಮೂರಿಗೆ ಸ್ವಾಮಿಗಳು ಬರುತ್ತಿದ್ದುದು ತಿಂಗಳಿಗೊಮ್ಮೆ, ಅದೂ ಹಳ್ಳ ದಾರಿ ಬಿಟ್ಟರೆ. ಹಾಸನ ಸೀಮೆಯ ಎಷ್ಟೋ ಕ್ರೈಸ್ತ ಹಳ್ಳಿಗಳ ಪಾಡು ಆಗ ಇಷ್ಟೇ. ದೊಡ್ಡ ಗುಡಿ ಒಂದೂರಿನಲ್ಲಿ, ಸ್ವಾಮಿಗಳ ಬಂಗಲೆಯೂ ಅಲ್ಲೇ. ಸುತ್ತಲಿನ ಊರುಗಳಲ್ಲಿ ಹೆಂಚಿನ ಪುಟ್ಟ ಗುಡಿಗಳು, ಅವನ್ನೆಲ್ಲ ಒಬ್ಬರೇ ಸ್ವಾಮಿಗಳು ಸೈಕಲ್ಲಿನ ಕ್ಯಾರಿಯರ್‌ಗೆ ಪೂಜೆ ಪೆಟ್ಟಿಗೆ ಬಿಗಿದುಕೊಂಡು ಸರದಿಯ ಮೇಲೆ ಸುತ್ತಿ ಬರಬೇಕು. ಅವರು ಬಂದರೆಂದರೆ ನಮಗೆ ಹಬ್ಬ. ಹಿಂದಿನ ಸಂಜೆಯೇ ಬಂದು ಪಾಪನಿವೇದನೆ ಕೇಳಿ, ಗುಡಿಯ ಪಕ್ಕದ ಕೋಣೆಯಲ್ಲಿ ಹಗ್ಗದ ಮಂಚದ ಮೇಲೆ ಮಲಗಿ, ಬೆಳಗಿನ ಪೂಜೆ ಮುಗಿಸಿ, ಯಾರದಾದರೂ ಮನೆಯಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು, ಮಕ್ಕಳ ತಲೆ ಸವರಿ ಹೊರಡುವರು. ಸೈಕಲ್ಲು ಕೆರೆ ಏರಿ ದಾಟಿತೆಂದರೆ ಮತ್ತೆ ತಿಂಗಳ ತನಕ ಊರೆಲ್ಲ ಉಪದೇಶಿ ತಾತನ ಪಾಲಿಗೆ.

ನಿಮ್ಮ ಕಡೆಯೂ ಇಂಥವರೊಬ್ಬರು ಇದ್ದಿರಬಹುದು. ತಾತ ಗುರುಮಠದಲ್ಲಿ ಓದಿದವರಲ್ಲ, ಮದುವೆಯಾಗಿ ಮನೆ ತುಂಬ ಮಕ್ಕಳಿದ್ದ ಸಂಸಾರಸ್ಥರು. ಸುಗ್ಗಿಯಲ್ಲಿ ಮನೆಮನೆಯಿಂದ ಕೊಡುವ ರಾಗಿಯೇ ಅವರ ಸಂಬಳ. ಸಂಜೆ ಗುಡಿಯ ಗಂಟೆ ಹೊಡೆದು ಜಪಸರ ಹೇಳಿಸುವುದು, ಜಗಲಿಯ ಮೇಲೆ ನಮ್ಮನ್ನೆಲ್ಲ ಕೂರಿಸಿ ಜಪ ಬಾಯಿಪಾಠ ಮಾಡಿಸುವುದು, ಜಗಳವಾಡಿದ ಅಣ್ಣತಮ್ಮಂದಿರನ್ನು ಒಂದೇ ಬೆಂಚಿನಲ್ಲಿ ಕೂರುವಂತೆ ಮಾಡುವುದು, ಸತ್ತವರಿಗೆ ಗುಂಡಿ ಅಳೆದುಕೊಡುವುದು, ಎಲ್ಲವೂ ಅವರದೇ. ಅವರ ಹೆಗಲಿಗೆ ಸದಾ ಒಂದು ಖಾಕಿ ಬಗಲುಚೀಲ. ಅದರ ಬಾಯಿ ತೆರೆದರೆ ಮೇಣ, ಸಾಂಬ್ರಾಣಿ, ನಶ್ಯ ಮೂರೂ ಬೆರೆತ ವಾಸನೆ, ಇವತ್ತಿಗೂ ಎಲ್ಲಾದರೂ ಆ ವಾಸನೆ ಸುಳಿದರೆ ನನಗೆ ಕಾಲು ಮುಂದಕ್ಕೆ ಹೋಗುವುದಿಲ್ಲ. ಒಳಗೆ ಎರಡು ಮೇಣದಬತ್ತಿ ತುಂಡು, ಎಣ್ಣೆಕಾಗದದಲ್ಲಿ ಸುತ್ತಿದ ಬೆಂಕಿಪೊಟ್ಟಣ, ತಂತಿ ಕಿತ್ತುಹೋದ ಕಡೆಯೆಲ್ಲ ಗೋಣಿದಾರದ ಗಂಟು ಬಿದ್ದ ಜಪಸರ, ಕೆಮ್ಮಿನ ಔಷಧದ ಹಳೇ ಶೀಸೆಯಲ್ಲಿ ತೀರ್ಥ. ಇವೆಲ್ಲದರ ಅಡಿಯಲ್ಲಿ, ಬಿಳಿ ಬಟ್ಟೆಯಲ್ಲಿ ಮಡಿಸಿಟ್ಟ ಅಂಗೈಯಗಲದ ಹಿತ್ತಾಳೆ ಶಿಲುಬೆ. ಸಾಯುವವರ ತುಟಿಗೆ ಮುಟ್ಟಿಸಿ ಮುಟ್ಟಿಸಿ, ಆಮೇಲೆ ಸೆರಗಿನಿಂದಲೋ ವಲ್ಲಿಯಿಂದಲೋ ಒರೆಸಿ ಒರೆಸಿ, ಅದರ ಮೇಲಿನ ಯೇಸುಸ್ವಾಮಿಯ ಮುಖದಲ್ಲಿ ಮೂಗೂ ಬಾಯಿಯೂ ಸವೆದು ನುಣ್ಣಗಾಗಿದ್ದವು. ಕಣ್ಣಿನ ಎರಡು ಗುಳಿ ಮಾತ್ರ ಬೆರಳಿಗೆ ಸಿಗುತ್ತಿತ್ತು. ನಾನು ಎಷ್ಟೋ ಸಲ ಬೆರಳಾಡಿಸಿ ನೋಡಿದ್ದೇನೆ, ತಾತ ಬೈಯುತ್ತಿರಲಿಲ್ಲ.

ತಾತ ಮೂಲದಲ್ಲಿ ಹೇಮಾವತಿ ದಂಡೆಯವರು. ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕ ಶೆಟ್ಟಿಹಳ್ಳಿಯ ಗುಡಿಯನ್ನು ನೀವೂ ಚಿತ್ರದಲ್ಲಿ ನೋಡಿರುತ್ತೀರಿ. 1860ರಲ್ಲಿ ಫ್ರೆಂಚ್ ಸ್ವಾಮಿಗಳು ಕಟ್ಟಿಸಿದ್ದು, ಮಳೆಗಾಲದಲ್ಲಿ ನೀರಿನೊಳಗೆ ಕುತ್ತಿಗೆ ಮಟ್ಟ ನಿಂತು ಬೇಸಗೆಯಲ್ಲಿ ಮೊಂಡುಗೋಡೆಗಳೊಂದಿಗೆ ಮೇಲೆದ್ದು ಬರುತ್ತದೆ. ಆ ಸುತ್ತಿನ ಜನ ಒಕ್ಕಲೆದ್ದಾಗ ತಾತನೂ ಗಂಟುಮೂಟೆ ಕಟ್ಟಿಕೊಂಡು ನಮ್ಮೂರಿಗೆ ಬಂದರು. ಈಗ ಹುಡುಗರು ಮದುವೆಯ ಫೋಟೋ ತೆಗೆಸಿಕೊಳ್ಳಲು ಅಲ್ಲಿಗೆ ಹೋಗುತ್ತಾರೆ. ತಾತ ಮಾತ್ರ ಊರು ಬಿಟ್ಟ ಮೇಲೆ ಅತ್ತ ತಿರುಗಿ ನೋಡಲಿಲ್ಲ, ಅದರ ಸುದ್ದಿ ಬಂದರೆ ನಶ್ಯದ ಡಬ್ಬಿ ಹುಡುಕತೊಡಗುವರು.

ಸ್ವಾಮಿಗಳ ಕೊರತೆ ನಮ್ಮ ಸೀಮೆಗೆ ಹೊಸದೇನಲ್ಲ ಬಿಡಿ. 17ನೆಯ ಶತಮಾನದಿಂದ ಮೈಸೂರು ಸೀಮೆಯ ಊರೂರು ಅಲೆದವರು ಯೇಸುಸಭೆಯ ಗುರುಗಳು. 1773ರಲ್ಲಿ ರೋಮಿನ ಪೋಪರು ಆ ಸಭೆಯನ್ನೇ ವಿಸರ್ಜಿಸಿದಾಗ ಅವರ ಬಳಿಕ ಬರುವವರಿಲ್ಲದಂತಾಯಿತು. ಇದ್ದವರಿಗೆ ವಯಸ್ಸಾಯಿತು, ಹಳ್ಳಿಗಳು ಬರಿದಾದವು. ಆಮೇಲೆ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದವರು ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲು ಬಂದ ಅಬ್ಬೆ ದುಬ್ವಾ ಆ ಸಂಘದವರೇ. ಈ ನೆಲದ ಉಡುಗೆ ಉಟ್ಟು, ಈ ನೆಲದ ಊಟ ಉಂಡು, ಜನರ ಬಾಯಲ್ಲಿ ದೊಡ್ಡಸ್ವಾಮಿಯವರು ಎನಿಸಿಕೊಂಡವರು. ಅವರು ಹಾಸನದ ಬಳಿ ಬೇಸಾಯದ ಊರು ಕಟ್ಟಿಸಿದರು, ಸಿಡುಬಿನ ದೇವಿ ಹಾಕಿಸಲು ಊರೂರು ತಿರುಗಿದರು. ಪೂಜೆಗೆ ಬಂದವರು ಜನರ ಮೈಯ ಮೇಲಿನ ಬೊಕ್ಕೆಯನ್ನೂ ನೋಡಿದರು ಎಂಬುದೇ ನನಗೆ ಅವರ ವಿಷಯದಲ್ಲಿ ದೊಡ್ಡದಾಗಿ ಕಾಣುತ್ತದೆ. ಆದರೆ ಒಬ್ಬ ಸ್ವಾಮಿಗೂ ಮತ್ತೊಬ್ಬ ಸ್ವಾಮಿಗೂ ನಡುವಿನ ಆ ಬರಿದಾದ ವರ್ಷಗಳಲ್ಲಿ ಜಪಗಳನ್ನು ಮಕ್ಕಳ ಬಾಯಿಗೆ ಹಾಕಿದವರು, ಸತ್ತವರನ್ನು ಹೊತ್ತವರು ಯಾರು? ಹೆಸರು ದಾಖಲಾಗದ ಎಷ್ಟೋ ತಾತಂದಿರು, ಅಜ್ಜಿಯರು ಇದ್ದಿರಲೇಬೇಕು.

ನಮ್ಮಜ್ಜಿ ಹೋದದ್ದು ಆಷಾಢದ ಒಂದು ರಾತ್ರಿ. ಮಧ್ಯಾಹ್ನದಿಂದಲೇ ಮೇಲುಸಿರು. ಚಿಕ್ಕಪ್ಪ ಕಂದೀಲು ಹಿಡಿದು ಸ್ವಾಮಿಗಳನ್ನು ಕರೆತರಲು ಹೊರಟರು. ಹಳ್ಳ ತುಂಬಿತ್ತು, ಸುತ್ತುದಾರಿ ಹಿಡಿಯಬೇಕು, ಬೆಳಗಾಗುವುದು ಖಂಡಿತ ಎಂದು ಎಲ್ಲರಿಗೂ ಗೊತ್ತಿತ್ತು. ತಾತ ಗೋಣಿಕೊಪ್ಪೆ ಹಾಕಿಕೊಂಡು ಬಂದರು. ಮೂಲೆಯಲ್ಲಿ ಕೊಪ್ಪೆ ಒರಗಿಸಿದಾಗ ಅದರಿಂದ ನೀರು ತೊಟ್ಟಿಕ್ಕುತ್ತಿದ್ದ ಸದ್ದು, ನೆನೆದ ಸೆಣಬಿನ ಘಾಟು, ಅಜ್ಜಿಯ ಎದೆಯ ಗೊರಗೊರ, ಎಲ್ಲ ಒಟ್ಟೊಟ್ಟಿಗೇ ನೆನಪಿದೆ. ಮರಣಾಭ್ಯಂಗದ ಎಣ್ಣೆ ಹಚ್ಚುವ ಅಧಿಕಾರ ತಾತನಿಗಿಲ್ಲ, ಪಾಪಕ್ಷಮೆ ಕೊಡುವುದೂ ಆಗದು. ಅವೆರಡಕ್ಕೂ ಪೂಜೆಗೂ ಸ್ವಾಮಿಗಳೇ ಬೇಕು. ಸಾಯುವ ಎಳೆಗೂಸಿನ ಹಣೆಗೆ ನೀರೆರೆದು ಜ್ಞಾನಸ್ನಾನ ಕೊಡಲು ಮಾತ್ರ ಸಭೆಯ ನಿಯಮ ಯಾರಿಗೂ ಅಡ್ಡಿ ಹೇಳುವುದಿಲ್ಲ. ಅದನ್ನು ತಾತ ಎಷ್ಟು ಕೂಸುಗಳಿಗೆ ಮಾಡಿದ್ದರೋ, ಕೇಳಿದರೆ ಮುಖ ತಿರುಗಿಸುವರು. ಅಜ್ಜಿಯ ಬಳಿ ಅವರು ಮಾಡಿದ್ದಿಷ್ಟೇ: ಬತ್ತಿ ಹಚ್ಚಿದರು, ಶಿಲುಬೆ ಕೈಗಿತ್ತರು, ಕಿವಿಯ ಹತ್ತಿರ ಬಾಯಿ ಇಟ್ಟು ಪಶ್ಚಾತ್ತಾಪದ ಜಪವನ್ನು ತುಂಡು ತುಂಡಾಗಿ ಹೇಳಿಕೊಟ್ಟರು, ಮತ್ತೆ ರಾತ್ರಿಯಿಡೀ ಕದಲದೆ ಕೂತರು.

ಪಕ್ಕದ ಮನೆಯ ಗೌಡರ ಅಜ್ಜಿಯೂ ಬಂದಿದ್ದರು. ಅವರದು ತಿರುಪತಿ ತಿಮ್ಮಪ್ಪನ ಒಕ್ಕಲು, ಶನಿವಾರ ಒಪ್ಪೊತ್ತಿನವರು. "ಕಾಲೆಲ್ಲ ತಣ್ಣಗಾಗ್ಬುಟ್ಟವೆ ಕಣವ್ವ" ಎಂದು ನಮ್ಮವ್ವನಿಗೆ ಹೇಳಿ, ಹರಳೆಣ್ಣೆ ಬಿಸಿ ಮಾಡಿಸಿ ತಂದು, ಅಜ್ಜಿಯ ಪಾದಕ್ಕೆ ನೀವುತ್ತ ಕೂತರು. ತಲೆಯ ಕಡೆ ತಾತನ ಜಪ, ಕಾಲ ಕಡೆ ಗೌಡರಜ್ಜಿಯ ಎಣ್ಣೆಗೈ, ನಡುವೆ ನಮ್ಮಜ್ಜಿ. ಕೋಳಿ ಕೂಗುವ ಮುಂಚೆ ಉಸಿರು ನಿಂತಿತು. ಸ್ವಾಮಿಗಳು ಬಂದದ್ದು ಬೆಳಕು ಹರಿದ ಮೇಲೆ, ನಿಲುವಂಗಿ ಮೊಣಕಾಲವರೆಗೆ ಕೆಸರು, ಎದೆಯ ಬಳಿ ಎಣ್ಣೆಯ ಭರಣಿ ಬೆಚ್ಚಗೆ ಭದ್ರ. ಬಾಗಿಲಲ್ಲೇ ವಿಷಯ ತಿಳಿದು, "ತಡವಾಗಿಹೋಯಿತಲ್ಲಮ್ಮ" ಎಂದು ಜಗಲಿಯ ಮೇಲೆ ಕುಸಿದವರ ಕಣ್ಣು ತುಂಬಿತ್ತು. ಗೌಡರಜ್ಜಿಯೇ ತಮ್ಮ ಕಂಬಳಿ ತಂದು ಅವರಿಗೆ ಹೊದಿಸಿದರು. "ನೀವು ಒಂದ್ ಲೋಟ ಬಿಸಿ ಕುಡೀರಿ ಮೊದಲು" ಎಂದು ತಾತ ಕಾಫಿ ಲೋಟ ಅವರ ಕೈಗೆ ಹಿಡಿಸಿದರು. ಆಮೇಲೆಯೇ ಮಿಕ್ಕ ಜಪ.

ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕವನ ಕತೆಯನ್ನು ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳುತ್ತಾರಲ್ಲ, ತಾತ ಅದನ್ನು ಜಗಲಿಯ ಮೇಲೆ ಹೇಳುವಾಗ ದನಿ ತಗ್ಗಿಸುತ್ತಿದ್ದರು. ಅರೆಜೀವವಾಗಿ ಬಿದ್ದವನ ಪಕ್ಕದಲ್ಲಿ ಮೊದಲು ಹಾದುಹೋದವನು ಪೂಜಾರಿಯೇ. ಆಮೇಲೆ ದೇವಾಲಯದ ಇನ್ನೊಬ್ಬ ಸೇವಕ. ಗಾಯ ತೊಳೆದು ಎಣ್ಣೆ, ದ್ರಾಕ್ಷಾರಸ ಹುಯ್ದು ಕಟ್ಟಿದವನು ಅವರ ಜನ ಮುಟ್ಟದ ಸಮಾರ್ಯದವನು. ಕತೆ ಮುಗಿಸಿ ತಾತ ಅರ್ಥ ಬಿಡಿಸುತ್ತಿರಲಿಲ್ಲ, ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, "ಗೌಡರ ಅಜ್ಜಿಗೆ ನೀರು ಸೇದಿಕೊಟ್ಟು ಬಂದ್ರಾ ಇವತ್ತು?" ಎಂದು ಕೇಳುವರು. ಆಗ ಆಕೆಗೆ ಕೈ ಸೋತಿತ್ತು, ಬಾವಿ ಆಳ.

ತಾತ ತೀರಿಕೊಂಡ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಮಗ ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದ. ರಾಗಿಯ ಸಂಬಳಕ್ಕೆ ಯಾರು ಕೂರುತ್ತಾರೆ, ಕೂರಬೇಕೆನ್ನುವುದೂ ತಪ್ಪೇ. ರಸ್ತೆ ಟಾರಾಯಿತು, ಹಳ್ಳಕ್ಕೆ ಸೇತುವೆ ಬಂತು, ಸ್ವಾಮಿಗಳು ಫಾದರ್ ಆದರು, ಕಾರಿನಲ್ಲಿ ಪ್ರತಿ ಭಾನುವಾರ ಬರತೊಡಗಿದರು. ಇನ್ನು ಉಪದೇಶಿಯ ಹಂಗೇಕೆ ಎಂದು ಊರಿಗೂ ಅನಿಸಿರಬೇಕು. ಈಗ ಮತ್ತೆ ಸ್ವಾಮಿಗಳ ಸಾಲು ತೆಳುವಾಗುತ್ತಿದೆ. ಹಿಂದೆ ಮನೆ ತುಂಬ ಮಕ್ಕಳು, ಒಬ್ಬನನ್ನು ದೇವರ ಸೇವೆಗೆ ಕೊಟ್ಟೆವು ಎನ್ನುವುದು ಒಂದು ಸಂತೋಷ. ಈಗ ಇರುವುದು ಒಂದೋ ಎರಡೋ. ಭಾನುವಾರ ಮೂರು ಊರಿನಲ್ಲಿ ಮೂರು ಪೂಜೆ ಮಾಡುವ ನಮ್ಮ ಫಾದರ್‌ಗೆ ಮೂರನೆಯ ಊರು ತಲುಪುವ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ಆಶೀರ್ವಾದ ಮುಗಿದದ್ದೇ ಕಾರು ಹತ್ತಬೇಕು. ನಾವು ಕೂಡ "ಕೂತ್ಕೊಳ್ಳಿ ಫಾದರ್" ಎನ್ನುವುದನ್ನು ಮರೆತಿದ್ದೇವೆ. ಆ ಮನುಷ್ಯ ಅಕ್ಕಿರೊಟ್ಟಿ ತಿಂದು ಎಷ್ಟು ದಿನವಾಯಿತೋ, ಯಾರ ಜಗಲಿಯಲ್ಲಿ ಕಾಲು ಚಾಚಿ ಮಾತಾಡಿದರೋ, ಕೇಳಿದವರಿಲ್ಲ. ಅವರೂ ನಮಗೆ ನೆರೆಯವರೇ ಅಲ್ಲವೆ?

ಜಗತ್ತಿನ ಲೆಕ್ಕ ಇನ್ನೂ ಬಿಗಿ. ಸುಮಾರು 140 ಕೋಟಿ ಕಥೋಲಿಕರಿಗೆ ಗುರುಗಳು 4 ಲಕ್ಷ ಚಿಲ್ಲರೆ. ಇಡೀ ಜರ್ಮನಿಯ ಧರ್ಮಕ್ಷೇತ್ರಗಳಿಗೆ 2024ರಲ್ಲಿ ಅಭಿಷೇಕವಾದ ಹೊಸ ಗುರುಗಳು 29 ಮಂದಿ. ನಮ್ಮ ಪಕ್ಕದೂರಿನ ಹುಡುಗನೊಬ್ಬ ಈಗ ಅಲ್ಲೇ ಗುರು. ಫೋನಿನಲ್ಲಿ ಸಿಕ್ಕಾಗ ಹೇಳುತ್ತಾನೆ: ಗುಡಿಗಳು ದೊಡ್ಡವು, ಬೆಂಚುಗಳು ಖಾಲಿ, ಬರುವವರೆಲ್ಲ ಕೋಲೂರುವ ಅಜ್ಜಿಯರು, ಪೂಜೆ ಮುಗಿದ ಮೇಲೆ ಅವನ ಕೈ ಹಿಡಿದರೆ ಬಿಡುವುದಿಲ್ಲವಂತೆ, ಮನೆಯಲ್ಲಿ ಮಾತಾಡಿಸುವವರಿಲ್ಲ. ಒಂದು ಕಾಲಕ್ಕೆ ಯೂರೋಪಿನ ತಾಯಂದಿರು ಮಕ್ಕಳನ್ನು ಹಡಗು ಹತ್ತಿಸಿ ನಮ್ಮ ಕಾಡುಮೇಡಿಗೆ ಕಳಿಸಿದರು, ಈಗ ನಮ್ಮ ತಾಯಂದಿರು ವಿಮಾನ ಹತ್ತಿಸುತ್ತಾರೆ. ಅವನ ತಾಯಿ ದಸರಾ ರಜೆಗೆ ಬರುವವರನ್ನೆಲ್ಲ ನೋಡುತ್ತ ನಿಟ್ಟುಸಿರು ಬಿಡುತ್ತಾಳೆ, ಆದರೂ ಅಲ್ಲಿಯ ಅಜ್ಜಿಯರಿಗೆ ಯಾರಾದರೂ ಬೇಕಲ್ಲಪ್ಪ ಎನ್ನುತ್ತಾಳೆ.

ಅಮೆಜಾನ್ ಕಾಡಿನ ಒಳ ಊರುಗಳಿಗೆ ಗುರುಗಳು ಬರುವುದು ವರ್ಷಕ್ಕೊಮ್ಮೆಯೂ ಕಷ್ಟ. 2019ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಸೇರಿದ ಅಮೆಜಾನ್ ಧರ್ಮಾಧ್ಯಕ್ಷರ ಸಭೆಯಲ್ಲಿ, ಅಲ್ಲಿನ ಒಳ್ಳೆಯ ಬಾಳುವೆಯ ವಿವಾಹಿತ ಹಿರಿಯರಿಗೇ ಗುರುದೀಕ್ಷೆ ಕೊಡಬಹುದಲ್ಲ ಎಂಬ ಸಲಹೆಗೆ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಪ್ಪಿದ್ದರು. ಪೋಪ್ ಫ್ರಾನ್ಸಿಸ್ 2020ರ ತಮ್ಮ ಪತ್ರದಲ್ಲಿ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಅವರ ಕಾರಣಗಳು ಅವರಿಗಿದ್ದಿರಬಹುದು, ನನಗಂತೂ ಆ ಸುದ್ದಿ ಓದಿದ ದಿನ ಗೋಣಿಕೊಪ್ಪೆಯ ತಾತನೇ ಕಣ್ಣ ಮುಂದೆ ಬಂದರು, ಕೊಡಬಹುದಿತ್ತು ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಗುರುಗಳೇ ಇಲ್ಲದೆ ನಂಬಿಕೆ ಉಳಿಸಿಕೊಂಡವರೂ ಇದ್ದಾರೆ. ಜಪಾನಿನಲ್ಲಿ ಗುರುಗಳನ್ನೆಲ್ಲ ಓಡಿಸಿ ಕೊಂದ ಮೇಲೆ ಇನ್ನೂರಕ್ಕೂ ಹೆಚ್ಚು ವರ್ಷ ಹಳ್ಳಿಯ ಜನ ಗುಟ್ಟಾಗಿ ತಾವೇ ಜ್ಞಾನಸ್ನಾನ ಕೊಟ್ಟುಕೊಂಡು, ಹಬ್ಬದ ದಿನಗಳನ್ನು ತಾವೇ ಎಣಿಸಿಕೊಂಡು ಉಳಿದರು. 1865ರಲ್ಲಿ ನಾಗಸಾಕಿಯ ಔರಾ ಗುಡಿಗೆ ಬಂದು ತಾವು ಯಾರೆಂದು ಪಿಸುಗುಟ್ಟಿದಾಗ ಅದನ್ನು ಕೇಳಿಸಿಕೊಂಡವರು ಪೆಟಿಜಾನ್ ಎಂಬ ಗುರು, ಅವರೂ ನಮ್ಮ ದುಬ್ವಾರ ಪ್ಯಾರಿಸ್ ಸಂಘದವರೇ. ಅಷ್ಟು ದೀರ್ಘ ಕತ್ತಲಲ್ಲಿ ಆ ಜನಕ್ಕೆ ಇದ್ದದ್ದು ಅವರವರೇ.

ನನಗೆ ಹೆಚ್ಚು ಸಂಕಟವಾಗುವುದು ಪೂಜೆ ತಪ್ಪುವುದಕ್ಕಲ್ಲ. ಹೋದ ವರ್ಷ ನಮ್ಮ ಬೀದಿಯ ಒಬ್ಬ ಮುದುಕರು ತೀರಿಕೊಂಡಾಗ ಸುದ್ದಿ ವಾಟ್ಸ್ಯಾಪಿನಲ್ಲಿ ಬಂತು, ಕೈ ಮುಗಿದ ಚಿತ್ರಗಳು ಸಾಲುಗಟ್ಟಿದವು, ಫಾದರ್ ಕೂಡ ಹೊತ್ತಿಗೆ ಸರಿಯಾಗಿ ಬಂದು ಎಣ್ಣೆ ಹಚ್ಚಿದರು. ಆದರೆ ಹಿಂದಿನ ರಾತ್ರಿ ಆ ಮನೆಯಲ್ಲಿ ಮಗಳೊಬ್ಬಳೇ ಇದ್ದಳಂತೆ. ಅವರ ಕಾಲು ತಣ್ಣಗಾದದ್ದನ್ನು ಯಾರೂ ಮುಟ್ಟಿ ನೋಡಲಿಲ್ಲ.

2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಉಪದೇಶಿಯ ಸೇವೆಗೆ ಸಭೆಯಲ್ಲಿ ವಿಧಿಪೂರ್ವಕ ಸ್ಥಾನ ಕೊಟ್ಟರು, ಗಂಡಸರಿಗೂ ಹೆಂಗಸರಿಗೂ. ಗುರುಗಳಿಲ್ಲದ ಭಾನುವಾರ ಜನವೇ ಕೂಡಿ ವಾಚನ, ಪ್ರಾರ್ಥನೆ ನಡೆಸುವ ಕ್ರಮವಂತೂ 1988ರಲ್ಲೇ ರೋಮಿನಿಂದ ಬಂದಿದೆ. ನಮ್ಮೂರಿನಲ್ಲಿ ಈಗ ಮುಂದೆ ಬಂದಿರುವವರು ಹೆಂಗಸರೇ. ಅಂಗನವಾಡಿಯಲ್ಲಿದ್ದು ನಿವೃತ್ತರಾದ ಒಬ್ಬರು, ನಮ್ಮ ಅತ್ತಿಗೆ, ಇನ್ನೊಂದಿಬ್ಬರು ಸೇರಿ ತರಬೇತಿಗೆ ಹೋಗಿಬಂದರು. ಹಾಸಿಗೆ ಹಿಡಿದವರ ಮನೆಗಳಿಗೆ ವಾರದ ಸರದಿ ಹಾಕಿದ್ದಾರೆ, ಅದರಲ್ಲಿ ಗೌಡರ ಮೊಮ್ಮಗನ ಮನೆಯೂ ಇದೆ. ಅವನ ತಾಯಿಗೆ ಪಾರ್ಶ್ವವಾಯು. ಶಿಲುಬೆ ಯಾರ ಕೈ ಸೇರಿತೋ ತಿಳಿಯದು. ಚೀಲ ಮಾತ್ರ ತಾತನ ಸೊಸೆಯ ಅಟ್ಟದಲ್ಲಿತ್ತು, ಇಲಿ ಕಡಿದಿತ್ತು. ಅತ್ತಿಗೆ ಬಟ್ಟೆ ಅಂಗಡಿಯವರು ಕೊಟ್ಟ ಕೈಚೀಲದಲ್ಲೇ ಬತ್ತಿ, ತೀರ್ಥ, ಬಿ.ಪಿ. ನೋಡುವ ಯಂತ್ರ ಇಟ್ಟುಕೊಂಡು ತಿರುಗುತ್ತಾರೆ. ಈ ಭಾನುವಾರ ಫಾದರ್ ಬರುವುದು ಅನುಮಾನವಂತೆ. ವಾಚನ ಓದುವ ಸರದಿ ಅತ್ತಿಗೆಯದು, ಗಂಟೆ ಹೊಡೆಯಲು ನನಗೆ ಹೇಳಿದ್ದಾರೆ.