ಮೂರನೇ ಮಹಡಿ ರೇಡಿಯೋ ಮತ್ತು ರಾಯಲ್ಟಿ ಲೆಕ್ಕ

ಐದನೇ ಸೆಮಿಸ್ಟರಿನ ರಾಜ್ಯೋತ್ಸವದ ವಾರ, ನಮ್ಮ ಹಾಸ್ಟೆಲಿನ ಮೂರನೇ ಮಹಡಿಯಲ್ಲಿ ಒಂದು ರೇಡಿಯೋ ಶುರುವಾಯ್ತು. ಶುರು ಮಾಡಿದ್ದು ನಾವೇ ನಾಲ್ಕು ಜನ. ಬಂಡವಾಳ ಅಂದ್ರೆ ಸ್ಕ್ರೀನ್ ಒಡೆದ ಒಂದು ಹಳೇ ಲ್ಯಾಪ್‌ಟಾಪ್, ಐಸ್‌ಕಾಸ್ಟ್ ಅನ್ನೋ ಉಚಿತ ಸಾಫ್ಟ್‌ವೇರ್, ತಿಂಗಳಿಗೆ 400 ರೂಪಾಯಿ ಬಾಡಿಗೆಯ ಒಂದು ಸರ್ವರ್, ಮತ್ತೆ ನಾಲ್ಕೂ ಜನರ ಹಾರ್ಡ್‌ಡಿಸ್ಕ್‌ನಲ್ಲಿ ವರ್ಷಗಳಿಂದ ಸೇರಿಕೊಂಡಿದ್ದ ಕನ್ನಡ ಹಾಡುಗಳು. ರಾತ್ರಿ 9ರಿಂದ 1ರವರೆಗೆ ಪ್ರಸಾರ. ಮೊದಲ ರಾತ್ರಿ ಕೇಳಿದವರು ಏಳು ಜನ. ಅದರಲ್ಲಿ ನಾಲ್ಕು ಜನ ನಾವೇ.

ಹೆಸರು ಅಂತ ಏನೂ ಇಟ್ಟಿರಲಿಲ್ಲ. ಹುಡುಗರೇ 'ಮೂರನೇ ಮಹಡಿ ರೇಡಿಯೋ' ಅಂತ ಕರೆಯೋಕೆ ಶುರು ಮಾಡಿದ್ರು. ಇಂಟರ್ನಲ್ಸ್ ಹೊತ್ತಿಗೆ ಕೇಳುಗರ ಸಂಖ್ಯೆ 60 ಮುಟ್ಟಿತು. ಲಿಂಕ್ ಕ್ಯಾಂಪಸ್ ದಾಟಿ ಹೋಗಿತ್ತು. ಯಾರದೋ ಅಕ್ಕ, ಯಾರದೋ ಮಾವ, ಜರ್ಮನಿಯಲ್ಲಿ ಎಂಎಸ್ ಮಾಡ್ತಿರೋ ಒಬ್ಬ ಸೀನಿಯರ್. ಸರ್ವರ್ ಪೇಜಲ್ಲಿ ಆ ಸಂಖ್ಯೆ ಒಂದೊಂದೇ ಏರೋದನ್ನ ನೋಡ್ತಾ ಕೂರೋದು ನಮಗೆ ಕ್ರಿಕೆಟ್ ಸ್ಕೋರ್ ನೋಡಿದ ಹಾಗಾಗಿತ್ತು.

ಆ ಕೇಳುಗರಲ್ಲಿ ನಮ್ಮ ನಾಲ್ವರಲ್ಲೇ ಒಬ್ಬನ ಅಪ್ಪ ಕೂಡ ಇದ್ರು. ಗದಗದವರು, ತಬಲಾ ನುಡಿಸ್ತಾರೆ. ನಾವೆಲ್ಲ ಅವರನ್ನ ಕಾಕಾ ಅಂತೀವಿ. ಒಂದು ರಾತ್ರಿ ಹಳೇ ಕ್ಯಾಸೆಟ್ಟಿನ ಭಾವಗೀತೆಯೊಂದು ಹೋಗ್ತಿತ್ತು. ಮಗನಿಗೆ ಫೋನ್ ಬಂತು.

"ಏ, ಇದರಾಗ ತಬಲಾ ನಂದ ಐತಿ ನೋಡೋ!"

ಸ್ಪೀಕರ್ ಆನ್ ಮಾಡಿದ್ವಿ. ಕಾಕಾ ಖುಷಿಯಲ್ಲಿ ಮಾತಾಡ್ತಾನೇ ಇದ್ರು. ಮೂವತ್ತು ವರ್ಷದ ಹಿಂದೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿದ್ದು, ಒಂದೇ ದಿನದಲ್ಲಿ ಎಂಟು ಹಾಡು ಮುಗಿಸಿದ್ದು, ಕ್ಯಾಸೆಟ್ ಕವರಿನ ಮೇಲೆ ತಮ್ಮ ಹೆಸರು ಬರದೇ ಇದ್ದದ್ದು. "ರೊಕ್ಕ ಎಷ್ಟು ಕೊಟ್ರು ಕಾಕಾ?" ಅಂತ ನಮ್ಮಲ್ಲೊಬ್ಬ ಕೇಳೇಬಿಟ್ಟ. "ಅವತ್ತಿಂದ ಅವತ್ತ ಕೊಟ್ರಪಾ. ಆಮ್ಯಾಲ ಕ್ಯಾಸೆಟ್ ಎಷ್ಟ ಮಾರಿದ್ರೋ, ಯಾರಿಗೆ ಗೊತ್ತು" ಅಂದ್ರು. ನಾವು ನಕ್ಕು ಮುಂದಿನ ಹಾಡು ಹಾಕಿದ್ವಿ.

ಅದೇ ವಾರ ಜರ್ಮನಿಯ ಸೀನಿಯರ್ ಮೆಸೇಜ್ ಮಾಡಿದ. "ಸೂಪರ್ ಆಗಿದೆ ಕಣ್ರೋ. ಪರ್ಮಿಶನ್ ತಗೊಂಡಿದ್ದೀರಾ?"

"ನಾವೇನು ದುಡ್ಡು ಮಾಡ್ತಿದ್ದೀವಾ ಅಣ್ಣ?"

"ದುಡ್ಡು ಮಾಡ್ತಿಲ್ಲ ಅನ್ನೋದು ಪರ್ಮಿಶನ್ ಅಲ್ಲ. ಅಮೆರಿಕದಲ್ಲಿ ದುಡ್ಡು ಮಾಡದ ಎಷ್ಟೋ ಸ್ಟೇಷನ್ನು ಇದೇ ವಿಷಯಕ್ಕೆ ಮುಚ್ಚಿಹೋಗಿವೆ. ಓದಿ ನೋಡಿ."

ಓದಿದ್ವಿ. ಸೆಮಿಸ್ಟರ್ ಪುಸ್ತಕಗಳನ್ನೂ ಅಷ್ಟು ಶ್ರದ್ಧೆಯಿಂದ ಓದಿರಲಿಲ್ಲ.

ಮೊದಲು ಗೊತ್ತಾಗಿದ್ದು ಇಷ್ಟು. ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿರುತ್ತವೆ. ಸಾಹಿತ್ಯ ಬರೆದವರ, ರಾಗ ಹಾಕಿದವರ ಹಕ್ಕು ಒಂದು. ಸ್ಟುಡಿಯೋದಲ್ಲಿ ಹಾಡಿ, ನುಡಿಸಿ, ಮುದ್ರಿಸಿದ ಆ ರೆಕಾರ್ಡಿಂಗ್‌ನ ಹಕ್ಕು ಇನ್ನೊಂದು. ಅಮೆರಿಕದಲ್ಲಿ ಟವರ್ ಹಾಕಿಕೊಂಡ ಎಫ್‌ಎಂ ಸ್ಟೇಷನ್‌ಗಳು ಮೊದಲನೆಯದಕ್ಕೆ ಮಾತ್ರ ರಾಯಲ್ಟಿ ಕೊಡುತ್ತವೆ. ರೆಕಾರ್ಡಿಂಗ್‌ಗೆ, ಅಂದರೆ ಹಾಡಿದ ಗಾಯಕರಿಗೆ, ಏನೂ ಕೊಡಬೇಕಿಲ್ಲ. ರೇಡಿಯೋದಲ್ಲಿ ಹಾಡು ಬಂದ್ರೆ ಕ್ಯಾಸೆಟ್ಟು, ಸಿಡಿ ಮಾರಾಟವಾಗುತ್ತೆ, ಅದೇ ಅವರ ಲಾಭ ಅನ್ನೋದು ಹಳೇ ವಾದ. ಆದರೆ 1995 ಮತ್ತು 1998ರ ಕಾನೂನುಗಳು ಬಂದ ಮೇಲೆ ಇಂಟರ್ನೆಟ್ ರೇಡಿಯೋ ಎರಡಕ್ಕೂ ಕೊಡಬೇಕಾಯ್ತು. ಅದೇ ಹಾಡು, ಅದೇ ಗಾಯಕಿ; ತಂತಿಯಲ್ಲಿ ಹೋದರೆ ಒಂದು ನ್ಯಾಯ, ಗಾಳಿಯಲ್ಲಿ ಹೋದರೆ ಇನ್ನೊಂದು.

ಇನ್ನು ಲೆಕ್ಕ ಹಾಕುವ ರೀತಿ. ಇದು ನಮ್ಮಂಥವರಿಗೆ ಬೇಗ ಅರ್ಥವಾಗುತ್ತೆ. ಎಫ್‌ಎಂ ಟವರಿನ ಕರೆಂಟ್ ಬಿಲ್ಲು ಒಬ್ಬ ಕೇಳಿದರೂ ಅಷ್ಟೇ, ಒಂದು ಲಕ್ಷ ಜನ ಕೇಳಿದರೂ ಅಷ್ಟೇ. ಇಂಟರ್ನೆಟ್ಟಿನಲ್ಲಿ ಪ್ರತಿ ಕೇಳುಗನಿಗೂ ಬೇರೆ ಬೇರೆ ಸ್ಟ್ರೀಮ್ ಕಳಿಸಬೇಕು, ಹಾಗಾಗಿ ಬ್ಯಾಂಡ್‌ವಿಡ್ತ್ ಖರ್ಚು ಜನರ ಜೊತೆಗೇ ಏರುತ್ತೆ. ರಾಯಲ್ಟಿಯೂ ಹಾಗೇ. ಒಂದು ಹಾಡನ್ನು ಒಬ್ಬ ಕೇಳಿದರೆ ಒಂದು ಲೆಕ್ಕ, 60 ಜನ ಕೇಳಿದರೆ 60 ಲೆಕ್ಕ. ಜಾಹೀರಾತು ಇದೆಯೋ ಇಲ್ಲವೋ, ಆದಾಯ ಇದೆಯೋ ಇಲ್ಲವೋ, ಅದು ಲೆಕ್ಕಕ್ಕಿಲ್ಲ.

2002ರ ಜೂನ್‌ನಲ್ಲಿ ಈ ದರ ಒಂದು ಹಾಡಿಗೆ, ಒಬ್ಬ ಕೇಳುಗನಿಗೆ 0.0007 ಡಾಲರ್ ಅಂತ ನಿಗದಿಯಾಯ್ತು. ಕೇಳುಗರ ದೇಣಿಗೆಯಲ್ಲೇ ನಡೆಯುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಸೋಮಾ ಎಫ್‌ಎಂ ಆಗ ಪ್ರಸಾರ ನಿಲ್ಲಿಸಿತು. ಅದೇ ವರ್ಷ ಸಣ್ಣ ಸ್ಟೇಷನ್‌ಗಳಿಗೆ ರಿಯಾಯಿತಿ ಕೊಡುವ ಕಾನೂನು ಬಂದ ಮೇಲೆ ಮತ್ತೆ ಶುರುವಾಯ್ತು. 2007ರ ಮಾರ್ಚ್‌ನಲ್ಲಿ ಅಲ್ಲಿನ ಕಾಪಿರೈಟ್ ರಾಯಲ್ಟಿ ಮಂಡಳಿ ಹೊಸ ದರಪಟ್ಟಿ ಕೊಟ್ಟಿತು. 2006ಕ್ಕೆ 0.0008 ಡಾಲರ್‌ನಿಂದ ಶುರುವಾಗಿ, ವರ್ಷವರ್ಷವೂ ಏರಿ, 2010ಕ್ಕೆ 0.0019 ಡಾಲರ್. ಅದರ ಮೇಲೆ ಪ್ರತಿ ಚಾನೆಲ್‌ಗೆ ವರ್ಷಕ್ಕೆ ಕನಿಷ್ಠ 500 ಡಾಲರ್. ತೀರ್ಪು ಬಂದಿದ್ದು 2007ರಲ್ಲಿ, ಬಾಕಿ ಮಾತ್ರ 2006ರಿಂದಲೇ.

ನೋಡೋಕೆ ಚಿಲ್ಲರೆಯಲ್ಲಿ ಚಿಲ್ಲರೆ. ಕ್ಯಾಲ್ಕುಲೇಟರ್ ತಗೊಳ್ಳಿ. ಸರಾಸರಿ 100 ಜನ ಕೇಳುವ ಪುಟ್ಟ ಸ್ಟೇಷನ್, ಗಂಟೆಗೆ 15 ಹಾಡು, ದಿನಕ್ಕೆ 24 ಗಂಟೆ. ದಿನಕ್ಕೆ 36,000 ಲೆಕ್ಕ. ವರ್ಷಕ್ಕೆ 1 ಕೋಟಿ 31 ಲಕ್ಷದ 40 ಸಾವಿರ. 2010ರ ದರದಲ್ಲಿ ಸುಮಾರು 25,000 ಡಾಲರ್. ಮನೆಯ ಮೂಲೆಯಲ್ಲಿ ಕೂತು ಜಾಜ್ ಹಾಡುಗಳನ್ನು ಹಾಕುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಇಷ್ಟು ದುಡ್ಡು ಎಲ್ಲಿಂದ ತರಬೇಕು? ಕೇಳುಗರು ಇನ್ನೂರಾದರೆ ಖುಷಿಪಡೋದಲ್ಲ, ಇನ್ನೊಂದು 25,000 ಹೊಂದಿಸಬೇಕು.

2007ರ ಜೂನ್ 26ರಂದು ಅಮೆರಿಕದ ಸಾವಿರಾರು ಇಂಟರ್ನೆಟ್ ಸ್ಟೇಷನ್‌ಗಳು 'ಮೌನದ ದಿನ' ಆಚರಿಸಿದವು. ದರ ಹೀಗೇ ಉಳಿದರೆ ಮುಂದೆ ಕೇಳಿಸೋದು ಇದೇ ಅಂತ ತೋರಿಸೋಕೆ ಆ ದಿನ ಸಂಗೀತ ನಿಲ್ಲಿಸಿದವು. ಮಾತುಕತೆ ಎಳೆದೂ ಎಳೆದೂ 2009ರ ಜುಲೈನಲ್ಲಿ ಒಪ್ಪಂದವಾಯ್ತು. ಸಣ್ಣ ಸ್ಟೇಷನ್‌ಗಳು ತಲೆ ಎಣಿಸಿ ಕೊಡುವ ಬದಲು ತಮ್ಮ ಆದಾಯದಲ್ಲಿ ಶೇಕಡಾ 12ರಿಂದ 14ರಷ್ಟು ಪಾಲು ಕೊಡಬಹುದು ಅಂತ. ಆ ಏರ್ಪಾಡಿಗೂ ಅವಧಿ ಇತ್ತು; 2015ರ ಕೊನೆಗೆ ಮುಗೀತು. ಸಾವಿರಾರು ಪುಟ್ಟ ಸ್ಟೇಷನ್‌ಗಳಿಗೆ ಜಾಗ ಕೊಟ್ಟಿದ್ದ ಲೈವ್365 ಅನ್ನೋ ಸೇವೆ 2016ರ ಜನವರಿ 31ಕ್ಕೆ ಬಾಗಿಲು ಹಾಕಿತು. ಮರುವರ್ಷ ಹೊಸ ಮಾಲೀಕರ ಕೈಯಲ್ಲಿ ಮತ್ತೆ ತೆರೆಯಿತು ನಿಜ, ಆದರೆ ನಡುವೆ ನಿಂತುಹೋದವರೆಲ್ಲ ವಾಪಸ್ ಬರೋದಿಲ್ಲವಲ್ಲ.

ಇಷ್ಟು ಓದಿದ ಮೇಲೆ ನಮ್ಮ ರಕ್ತ ಕುದಿಯಿತು. ದೊಡ್ಡ ಮ್ಯೂಸಿಕ್ ಕಂಪನಿಗಳು, ಪಾಪದ ಸಣ್ಣ ರೇಡಿಯೋಗಳು, ಅಂತೆಲ್ಲ ರಾತ್ರಿ ಎರಡು ಗಂಟೆವರೆಗೆ ಭಾಷಣ ಮಾಡಿಕೊಂಡ್ವಿ. ಕಾಕಾನ ಮಗ ಮಾತ್ರ ಸುಮ್ಮನೆ ಕೂತಿದ್ದ. ಕೊನೆಗೆ ಒಂದೇ ಮಾತು ಕೇಳಿದ: "ಆ ರೊಕ್ಕ ಯಾರಿಗೆ ಹೋಗುತ್ತೆ ಅಂತ ಓದಿದ್ರೇನು?"

ಅದನ್ನೂ ಓದಿದ್ವಿ. ಅಮೆರಿಕದಲ್ಲಿ ಸೌಂಡ್‌ಎಕ್ಸ್‌ಚೇಂಜ್ ಅನ್ನೋ ಸಂಸ್ಥೆ ಈ ರಾಯಲ್ಟಿ ಸಂಗ್ರಹಿಸಿ ಹಂಚುತ್ತೆ. ಅರ್ಧ ರೆಕಾರ್ಡಿಂಗ್‌ನ ಮಾಲೀಕರಿಗೆ. ಶೇಕಡಾ 45 ಮುಖ್ಯ ಕಲಾವಿದರಿಗೆ. ಉಳಿದ ಶೇಕಡಾ 5 ಹೆಸರು ಕವರಿನ ಮೇಲೆ ಬರದೇ ಇರೋ ಪಕ್ಕವಾದ್ಯದವರಿಗೆ, ಹಿನ್ನೆಲೆಯಲ್ಲಿ ದನಿಗೂಡಿಸಿದವರಿಗೆ. ಶೇಕಡಾ 5 ಏನು ದೊಡ್ಡದಲ್ಲ. ಆದರೆ ಕಾಕಾಗೆ ಬಂದಿದ್ದು ಒಂದು ದಿನದ ಕೂಲಿ ಅಷ್ಟೇ. ನಾವು ಅವರ ತಬಲಾವನ್ನ 60 ಜನಕ್ಕೆ ಕೇಳಿಸಿ, ಅವರಿಗೆ ಕೊಟ್ಟಿದ್ದು ಒಂದು ಫೋನ್ ಕಾಲಿನ ಖುಷಿ. ಕೊಡೋದೇ ಬೇಡ ಅನ್ನೋ ವಾದ ಅವತ್ತು ರಾತ್ರಿ ನಮ್ಮ ರೂಮಿನಲ್ಲೇ ಬಿದ್ದುಹೋಯ್ತು.

ಹಾಗಾದ್ರೆ ನಮ್ಮ ದೇಶದಲ್ಲಿ ದಾರಿ ಏನು ಅಂತ ಹುಡುಕಿದ್ವಿ. 2010ರಲ್ಲಿ ನಮ್ಮ ಕಾಪಿರೈಟ್ ಬೋರ್ಡ್ ಖಾಸಗಿ ಎಫ್‌ಎಂಗಳಿಗೆ ನಿವ್ವಳ ಜಾಹೀರಾತು ಆದಾಯದ ಶೇಕಡಾ 2 ಅಂತ ರಾಯಲ್ಟಿ ಗೊತ್ತು ಮಾಡಿತ್ತು. ಮುಂದೆ ಆ ಲೆಕ್ಕ ಬದಲಾಯಿತು. 2012ರ ತಿದ್ದುಪಡಿಯಲ್ಲಿ 31ಡಿ ಅನ್ನೋ ಸೆಕ್ಷನ್ ಬಂತು. ಪ್ರಸಾರ ಮಾಡುವವರು ಮೊದಲೇ ನೋಟಿಸ್ ಕೊಟ್ಟು, ಗೊತ್ತಾದ ದರ ಕಟ್ಟಿದರೆ ಸಾಕು. ಒಂದೊಂದು ಕಂಪನಿಯ ಬಾಗಿಲಿಗೂ ಹೋಗಿ ಒಪ್ಪಿಗೆ ಕೇಳಬೇಕಿಲ್ಲ. ಇಂಟರ್ನೆಟ್ ಪ್ರಸಾರಕ್ಕೂ ಇದು ಅನ್ವಯ ಅಂತ 2016ರಲ್ಲಿ ಕೇಂದ್ರದ ಇಲಾಖೆಯೊಂದು ಹೇಳಿತ್ತು. ಆದರೆ ಟಿಪ್ಸ್ ಮತ್ತು ವಿಂಕ್ ನಡುವಿನ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿದ್ದೇ ಬೇರೆ: 31ಡಿ ರೇಡಿಯೋ ಮತ್ತು ಟಿವಿಗೆ ಮಾತ್ರ, ಇಂಟರ್ನೆಟ್ಟಿಗಲ್ಲ. 2022ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಅಂದರೆ ನಮ್ಮಂಥವರು ಪ್ರತಿ ಹಾಡಿನ ಮಾಲೀಕರನ್ನೂ ಹುಡುಕಿ, ಪತ್ರ ಬರೆದು, ಅವರು ಹೇಳಿದ ದರಕ್ಕೆ ಒಪ್ಪಬೇಕು.

ಬರೆದ್ವಿ. ನಾಲ್ಕು ಕಡೆ ಪತ್ರ ಹೋಯ್ತು. ಮೂರು ಕಡೆಯಿಂದ ಉತ್ತರ ಇಲ್ಲ. ಒಂದು ಕಡೆಯವರು ಹೇಳಿದ ವರ್ಷದ ಕನಿಷ್ಠ ಮೊತ್ತ ನಮ್ಮ ನಾಲ್ವರ ಮೆಸ್ ಬಿಲ್ಲಿಗಿಂತ ಜಾಸ್ತಿ ಇತ್ತು. ಇರಲಿ ಅಂತ ಅಮೆರಿಕದ 2021ರ ದರ 0.0021 ಡಾಲರ್ ಹಿಡಿದು ನಮ್ಮದೇ ಲೆಕ್ಕ ಹಾಕಿದ್ವಿ. 60 ಜನ, ಗಂಟೆಗೆ 15 ಹಾಡು, 4 ಗಂಟೆ: ರಾತ್ರಿಗೆ 3,600 ಲೆಕ್ಕ, ತಿಂಗಳಿಗೆ ಸುಮಾರು 227 ಡಾಲರ್. ಡಾಲರಿಗೆ 80 ರೂಪಾಯಿ ಅಂದ್ರೂ 18,000 ದಾಟುತ್ತೆ. ಸರ್ವರ್ ಬಾಡಿಗೆ 400.

ಡಿಸೆಂಬರ್ ಮೊದಲ ವಾರ ಪ್ರಸಾರ ನಿಲ್ಲಿಸಿದ್ವಿ. ಕೊನೇ ರಾತ್ರಿ ಕಾರಣವನ್ನೂ ಮೈಕಿನಲ್ಲಿ ಹೇಳಿದ್ವಿ. "ಯಾರಿಗೆ ಗೊತ್ತಾಗುತ್ತೆ, ನಡೆಸ್ರೋ" ಅಂದವರೇ ಜಾಸ್ತಿ.

ಇಷ್ಟು ದಿನ ಈ ಲೆಕ್ಕದ ಜೊತೆ ಗುದ್ದಾಡಿದ ಮೇಲೆ ನಮಗೆ ಅನ್ನಿಸಿದ್ದು ಇದು. ರಾಯಲ್ಟಿ ತಪ್ಪಲ್ಲ, ಎಣಿಸುವ ರೀತಿ ತಪ್ಪು. ಕೋಟಿಗಟ್ಟಲೆ ಕೇಳುಗರಿರೋ ಕಂಪನಿಗೂ ಹಾಸ್ಟೆಲಿನ ಲ್ಯಾಪ್‌ಟಾಪಿಗೂ ಒಂದೇ ಅಳತೆಗೋಲು ಹಿಡಿದರೆ, ಉಳಿಯೋದು ಕಂಪನಿ ಮಾತ್ರ. ದೊಡ್ಡವರು ತಲೆ ಎಣಿಸಿ ಕೊಡಲಿ. ಸಣ್ಣವರು ಬಂದದ್ದರಲ್ಲಿ ಪಾಲು ಕೊಡಲಿ. ಏನೂ ಬರದಿದ್ದರೆ ಕೈಗೆಟುಕುವ ಒಂದು ಕನಿಷ್ಠ ಶುಲ್ಕ ಕಟ್ಟಲಿ. ಸ್ಟೇಷನ್ ಮುಚ್ಚಿದರೆ ಕಲಾವಿದರಿಗೆ ಸಿಗುವ ಪಾಲು ಸೊನ್ನೆ. ಸೊನ್ನೆಗಿಂತ ಚೂರು ವಾಸಿ ಅಲ್ವಾ?

ಸಣ್ಣ ಸ್ಟೇಷನ್ ಯಾಕೆ ಬೇಕು ಅಂತ ಕೇಳುವವರಿಗೆ ಮೈಸೂರಿನ ಒಂದು ವಿಷಯ ನೆನಪಿಸಬಹುದು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿ ಅನ್ನೋ ಮನಶ್ಶಾಸ್ತ್ರದ ಮೇಷ್ಟ್ರು ತಮ್ಮ ಮನೆಯಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಶುರು ಮಾಡಿದ್ರು. ಅದರ ಹೆಸರು ಆಕಾಶವಾಣಿ. ಮುಂದೆ ಅದೇ ಇಡೀ ದೇಶದ ಸರ್ಕಾರಿ ರೇಡಿಯೋದ ಹೆಸರಾಯ್ತು. ನಮ್ಮ ರೂಮಿನ ಟ್ಯೂಬ್‌ಲೈಟೇ ಅದಕ್ಕಿಂತ ಜಾಸ್ತಿ ವಾಟ್‌ನದು.

ಈಗ ಆರನೇ ಸೆಮಿಸ್ಟರ್. ಮೂರನೇ ಮಹಡಿ ರೇಡಿಯೋ ಮತ್ತೆ ಶುರುವಾಗಿದೆ, ವಾರಕ್ಕೆ ಒಂದೇ ರಾತ್ರಿ, ಒಂದೇ ಗಂಟೆ. ಸಿನಿಮಾ ಹಾಡಿಲ್ಲ, ಕ್ಯಾಸೆಟ್ ಹಾಡಿಲ್ಲ. ದಾಸರ ಪದ, ವಚನಗಳ ಸಾಹಿತ್ಯಕ್ಕೆ ಈಗ ಯಾರ ಒಪ್ಪಿಗೆಯೂ ಬೇಕಿಲ್ಲ. ರಾಗ ನಮ್ಮ ಹುಡುಗ ಹುಡುಗೀರೇ ಹಾಕ್ತಾರೆ, ಅವರೇ ಹಾಡ್ತಾರೆ, ರೆಕಾರ್ಡಿಂಗ್ ನಮ್ಮದೇ. ಶ್ರುತಿ ಅಲ್ಲಲ್ಲಿ ತಪ್ಪುತ್ತೆ. ಕಳೆದ ವಾರ ಕೇಳಿದವರು 22 ಜನ.

ಮೊದಲ ರೆಕಾರ್ಡಿಂಗ್‌ಗೆ ಕಾಕಾ ಗದಗದಿಂದ ಬಂದಿದ್ರು. ಮೂರು ಹಾಡಿಗೆ ನುಡಿಸಿದ್ರು. ನಾವು ಕ್ಲಬ್ಬಿನವರ ಹತ್ರ ಎತ್ತಿದ 1,500 ರೂಪಾಯಿ ಕವರಿನಲ್ಲಿಟ್ಟು ಕೊಟ್ವಿ. "ಹುಚ್ಚರೇನೋ ನೀವು, ಮಕ್ಕಳ ಹತ್ರ ತಗೋತೀನೇನು" ಅಂತ ವಾಪಸ್ ತಳ್ಳಿದ್ರು. ಆಗ ಮಗನೇ ವೋಚರ್ ಪುಸ್ತಕ ಅವರ ಮುಂದಿಟ್ಟ. "ಇದು ನಿಮ್ಮ ಪಾಲು ಅಪ್ಪಾ, ಸೈನ್ ಮಾಡ್ರಿ. ಇನ್ನೊಂದು ಸಾಲು ಬರದೀವಿ ನೋಡ್ರಿ, ಮುಂದ ಇದರಿಂದ ಏನರ ರೊಕ್ಕ ಬಂದ್ರ ಅದರಾಗೂ ನಿಮ್ಮ ಪಾಲು ಇರ್ತೈತಿ."

ಕಾಕಾ ಕನ್ನಡಕ ಹಾಕಿಕೊಂಡು ಆ ಸಾಲನ್ನ ಎರಡು ಸಲ ಓದಿದ್ರು. ಆಮೇಲೆ ಸೈನ್ ಮಾಡಿದ್ರು.