ಮಂದಮಾರುತಕ್ಕೆ ತಕ್ಕ ಪಟ

ಆಷಾಢದ ಗಾಳಿಯು ಪಟಕ್ಕೆ ಹೇಳಿಮಾಡಿಸಿದ್ದೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಆದರೆ ಕಳೆದ ವರ್ಷ ಬಾಲಿಕೆಯರನ್ನು ಪಾಂಡವಪುರದ ಕುಂತಿಬೆಟ್ಟದ ಬಳಿಗೆ ಕರೆದೊಯ್ದ ದಿನ ಎಲೆಯನ್ನು ಅಲುಗಿಸುವಷ್ಟೇ ಗಾಳಿಯಿದ್ದಿತು. ಶ್ರೀರಂಗಪಟ್ಟಣದ ಪೇಟೆಯಲ್ಲಿ ನಾವೇ ಆರಿಸಿ ತಂದಿದ್ದ, ದಪ್ಪಕಾಗದದ, ಉದ್ದ ಬಾಲಂಗೋಚಿಯ ಪಟವು ನೆಲ ಬಿಟ್ಟೇಳಲಿಲ್ಲ. ಬಹುಕಾಲ ಬಾಳಲೆಂಬುದೇ ನಮ್ಮ ಎಣಿಕೆಯಾಗಿದ್ದಿತು.

ನಾಗಮಂಗಲದ ಕಡೆಯ ಹುಡುಗಿಯೊಬ್ಬಳು, ತರಗತಿಯಲ್ಲಿ ಬಾಯಿ ಬಿಡದವಳು, ಮಂದಮತಿಯೆಂದು ನಾವು ಮನಸ್ಸಿನಲ್ಲೇ ಬದಿಗಿರಿಸಿದ್ದವಳು, “ಅಮ್ಮನವರೇ, ಅದು ಭಾರ; ನನ್ನದನ್ನು ಬಿಟ್ಟು ನೋಡಿ” ಎಂದಳು. ಅಗಲವಾದ ತೆಳುಕಾಗದ, ಸಣ್ಣಗೆ ಸೀಳಿದ ಬಿದಿರುಕಡ್ಡಿ, ಮೊಳದುದ್ದದ ಬಾಲ. ಪಟವು ಏರಿತು. ಗಾಳಿಯ ವೇಗವು ಅರ್ಧಕ್ಕಿಳಿದರೆ ಪಟವನ್ನೆತ್ತುವ ಬಲವು ಕಾಲುಭಾಗಕ್ಕಿಳಿಯುವುದೆಂದು ಕರಿಹಲಗೆಯ ಮೇಲೆ ಬರೆದು ಕಲಿಸಿದವರು ನಾವೇ! ಕಡಲಿನಲ್ಲಿ ಪಟದ ಸೆಳೆತದಿಂದ ಹಲಗೆಯ ಮೇಲೆ ಸಾಗುವ ಆಟಗಾರರೂ ಮಂದಗಾಳಿಗೆ ದೊಡ್ಡ ಪಟವನ್ನೇ ಹಿಡಿಯುವರು. ಕೃಷ್ಣರಾಜಪೇಟೆಯ ಹುಡುಗಿಯರು ಇದನ್ನು ಕಂಡು ತಮ್ಮ ಪಟದ ಬಾಲವನ್ನೇ ಕಿತ್ತೆಸೆದರು. ಅದು ಗಿರ್ರನೆ ಸುತ್ತಿ ಬಿದ್ದುದು ಬೇರೆ ಮಾತು.

ಹಿಂದಿರುಗುವಾಗ ಆಕೆಯ ಬಳಿಯಲ್ಲಿ ಕುಳಿತು, ಪಟ ಕಟ್ಟುವುದನ್ನು ಕಲಿಸಿದವರಾರೆಂದು ಕೇಳಿದೆವು. “ನಮ್ಮಜ್ಜಿ” ಎಂದಳು. ಶಾಲೆಯ ಬಾಗಿಲು ಬರುವವರೆಗೂ ಅವಳ ಮಾತು ನಿಲ್ಲಲಿಲ್ಲ.